ಪರದೆಯ ಪಕ್ಕದ ದನಿ

ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ನಮ್ಮ ಪ್ರೌಢಶಾಲೆಗಳ ಬಯಲಿನಲ್ಲಿ ಚಪ್ಪರದ ಗಳಗಳು ತಲೆಯೆತ್ತುತ್ತವೆ. ವಾರ್ಷಿಕೋತ್ಸವದ ಸಡಗರವದು. ವರ್ಷವೆಲ್ಲ ಗಂಭೀರವದನರಾಗಿ ಓಡಾಡಿದ ಮುಖ್ಯೋಪಾಧ್ಯಾಯರೂ ಆ ದಿನ ಮುಗುಳ್ನಗುತ್ತಾರೆ. ಅಂಕಪಟ್ಟಿಯ ತುದಿಯಲ್ಲಿರುವ ಹುಡುಗನೂ ಆ ದಿನ ರಾಜನಾಗುತ್ತಾನೆ. ಈ ಎರಡನೆಯ ಸಂಗತಿಯ ಬೆಲೆಯನ್ನು ನಾವು ಸರಿಯಾಗಿ ಅರಿತಿದ್ದೇವೆಯೇ?

ಸುಮಾರು ಐವತ್ತು ವರ್ಷಗಳ ಹಿಂದಿನ ಮಾತು. ನಮ್ಮ ಶಾಲೆಯ ಸಾಹಿತ್ಯ ಸಂಘದವರು ಕೈಲಾಸಂ ಅವರ ‘ಟೊಳ್ಳುಗಟ್ಟಿ’ಯನ್ನು ಆಡುವುದೆಂದು ನಿಶ್ಚಯಿಸಿದರು. ಒಂದೇ ಮನೆಯ ಇಬ್ಬರು ಮಕ್ಕಳನ್ನು ಎದುರುಬದುರು ನಿಲ್ಲಿಸಿ, ಪರೀಕ್ಷೆಯ ಅಂಕವೊಂದೇ ಮನುಷ್ಯನ ಅಳತೆಯೇ ಎಂದು ಕೇಳುವ ನಾಟಕವದು. ನನಗೆ ಪಾತ್ರ ದೊರೆಯಲಿಲ್ಲ. ನನ್ನ ಮೈ ಸಣ್ಣದು, ಧೈರ್ಯ ಅದಕ್ಕಿಂತಲೂ ಸಣ್ಣದು. ಕನ್ನಡ ಪಂಡಿತರು ಬೆನ್ನು ತಟ್ಟಿ, “ನೀನು ಪ್ರಾಂಪ್ಟರ್ ಆಗಪ್ಪ, ಎಲ್ಲರ ಮಾತೂ ನಿನ್ನ ಕೈಯಲ್ಲಿರುತ್ತದೆ” ಎಂದರು. ಬರಿಯ ಸಮಾಧಾನದ ಮಾತೆಂದೇ ಅಂದು ನಾನು ತಿಳಿದೆ.

ಒಂದು ತಿಂಗಳ ಕಾಲ, ಶಾಲೆ ಬಿಟ್ಟಮೇಲೆ ತಾಲೀಮು. ದೂರದ ಹಳ್ಳಿಗಳಿಂದ ನಡೆದು ಬರುವವರು ಕತ್ತಲೆಗೆ ಮುನ್ನ ಹೊರಡಬೇಕಾದ್ದರಿಂದ ಅವರ ಭಾಗವನ್ನು ಮೊದಲು ಮುಗಿಸುತ್ತಿದ್ದೆವು. ಯಾರದೋ ಮನೆಯ ಕುರ್ಚಿ, ಯಾರದೋ ತಂದೆಯ ಕರಿಯ ಕೋಟು, ಯಾರದೋ ಅಜ್ಜನ ರುಮಾಲು, ಎಲ್ಲವೂ ಎರವಲು. ಉತ್ಸವದ ರಾತ್ರಿ ಓದಿನಲ್ಲಿ ಹಿಂದುಳಿದ ಮಗನ ಪಾತ್ರ ವಹಿಸಿದ್ದವನು, ನಿಜವಾಗಿಯೂ ಒಂದೇ ತರಗತಿಯಲ್ಲಿ ಎರಡು ವರ್ಷ ಕುಳಿತಿದ್ದ ಹುಡುಗ. ನಾಟಕದ ನಡುವೆ ಅವನು ತಟ್ಟನೆ ಮಾತು ಮರೆತು ನಿಂತ. ಎದುರಿಗೆ ಇಡೀ ಊರು! ಅದೇ ಗಳಿಗೆಯಲ್ಲಿ ನನ್ನ ಕೈಯ ಪುಸ್ತಕದ ಹಾಳೆಗಳು ಗಾಳಿಗೆ ಮಗುಚಿಕೊಂಡವು. ಆದರೆ ತಿಂಗಳೆಲ್ಲ ಕೇಳಿ ಕೇಳಿ ಆ ಮಾತುಗಳು ನನಗೆ ಬಾಯಿಪಾಠವಾಗಿದ್ದವು. ಹೇಳಿಕೊಟ್ಟೆ, ಮೂರನೆಯ ಸಾಲಿನವರಿಗೂ ಕೇಳುವಷ್ಟು ಗಟ್ಟಿಯಾಗಿ! ಸಭೆಯೆಲ್ಲ ನಕ್ಕಿತು. ಅವನೂ ನಕ್ಕ, ಆ ನಗೆಯನ್ನೇ ಪಾತ್ರದೊಳಗೆ ಸೇರಿಸಿಕೊಂಡು ಮುಂದುವರಿದ. ಮರುದಿನ ಗಣಿತದ ಉಪಾಧ್ಯಾಯರು ಅವನನ್ನು ಮೊದಲ ಬಾರಿಗೆ ಹೆಸರು ಹಿಡಿದು ಕರೆದರು. ಅಲ್ಲಿಯವರೆಗೆ ಅವನು ‘ಹಿಂದಿನ ಬೆಂಚಿನವನು’ ಮಾತ್ರವಾಗಿದ್ದ.

ಶಾಲೆಯ ಸಂಘಗಳ ಪ್ರಯೋಜನವೇನೆಂದು ಕೇಳುವವರಿಗೆ ಇದಕ್ಕಿಂತ ಹೆಚ್ಚಿನ ಉತ್ತರವನ್ನು ನಾನು ಕೊಡಲಾರೆ. ಚರ್ಚಾಸಂಘ, ಕೈಬರಹದ ಪತ್ರಿಕೆ, ಭಾವಗೀತೆಯ ಮೇಳ, ಸ್ಕೌಟ್ ದಳ ಇವೆಲ್ಲ ಪಾಠದ ಪುಸ್ತಕ ಗುರುತಿಸದ ಮಕ್ಕಳನ್ನು ಗುರುತಿಸುತ್ತವೆ. ಅಲ್ಲಿ ಬಿತ್ತಿದ ಬೀಜ ಒಮ್ಮೊಮ್ಮೆ ಮಹಾವೃಕ್ಷವಾಗುವುದೂ ಉಂಟು. 1929ರಲ್ಲಿ ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ ಜನಿಸಿದ ಬಿ. ವಿ. ಕಾರಂತರು ಮೂರನೆಯ ತರಗತಿಯಲ್ಲಿದ್ದಾಗ ಕುವೆಂಪು ಅವರ ‘ನನ್ನ ಗೋಪಾಲ’ ನಾಟಕದಲ್ಲಿ ಅಭಿನಯಿಸಿದರು. ಅದನ್ನು ಆಡಿಸಿದವರು ಪಿ. ಕೆ. ನಾರಾಯಣ ಅವರು. ಮುಂದೆ ಮನೆಬಿಟ್ಟು ಗುಬ್ಬಿ ವೀರಣ್ಣನವರ ಕಂಪನಿಯನ್ನು ಸೇರಿದ ಆ ಬಾಲಕ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದರು. ಎಲ್ಲ ಮಕ್ಕಳೂ ಕಾರಂತರಾಗುವುದಿಲ್ಲ. ಆಗಬೇಕಾದ ಅಗತ್ಯವೂ ಇಲ್ಲ. ನಾಲ್ಕು ಜನರೆದುರು ನಿಂತು ತಡವರಿಸದೆ ಮಾತನಾಡಲು ಕಲಿತರೆ ಅದೇನು ಸಣ್ಣ ಲಾಭವೇ?

ಇಂದು ಎಷ್ಟೋ ವಾರ್ಷಿಕೋತ್ಸವಗಳಲ್ಲಿ ಕಾಣುವುದು ಬೇರೆಯೇ ನೋಟ. ಧ್ವನಿವರ್ಧಕದಿಂದ ಚಲನಚಿತ್ರದ ಹಾಡು ಹೊರಹೊಮ್ಮುತ್ತದೆ; ಬಾಡಿಗೆಯ ಮಿರುಗುವ ಉಡುಪು ತೊಟ್ಟ ಮಕ್ಕಳು ತುಟಿಯಾಡಿಸುತ್ತ ಕುಣಿಯುತ್ತಾರೆ. ಕುಣಿತವನ್ನು ನಾನು ನಿಂದಿಸಲಾರೆ. ಅದರಲ್ಲಿಯೂ ಶ್ರಮವಿದೆ, ಉಲ್ಲಾಸವಿದೆ. ಆದರೆ ಅಲ್ಲಿ ಮಗುವಿನ ಸ್ವಂತ ದನಿ ಎಲ್ಲಿ? ಮಾತೇ ಇಲ್ಲದಮೇಲೆ ಮರೆಯುವ ಭಯವಿಲ್ಲ. ಮರೆತವನಿಗೆ ಹೇಳಿಕೊಡುವ ಗೆಳೆಯನೂ ಬೇಕಿಲ್ಲ. ಇನ್ನು ಹತ್ತನೆಯ ತರಗತಿಯವರಂತೂ ಪರೀಕ್ಷೆಯ ಹೆಸರಿನಲ್ಲಿ ತಾಲೀಮಿನ ಕೊಠಡಿಯಿಂದ ಮೊದಲೇ ಹೊರಗುಳಿಯುತ್ತಾರೆ. ಸಂಘದ ಅವಧಿಯನ್ನು ಗಣಿತವೋ ವಿಜ್ಞಾನವೋ ನುಂಗಿದಾಗ ಪ್ರತಿಭಟಿಸುವ ತಂದೆತಾಯಿಗಳನ್ನು ನಾನು ಕಂಡಿಲ್ಲ.

ಆದರೂ ನಿರಾಶೆಗೆ ಕಾರಣವಿಲ್ಲ. ಉಡುಪಿಯ ಸುತ್ತಮುತ್ತ ಹಲವಾರು ಪ್ರೌಢಶಾಲೆಗಳಲ್ಲಿ ಗುರುಗಳಿಂದ ಯಕ್ಷಗಾನದ ಶಿಕ್ಷಣ ಕ್ರಮವಾಗಿ ನಡೆಯುತ್ತಿದೆ. ತಿಂಗಳುಗಟ್ಟಲೆ ಹೆಜ್ಜೆ ಕಲಿತು, ತಾಳ ತಿಳಿದು, ಕಡೆಗೆ ಮುಖಕ್ಕೆ ಬಣ್ಣ ಹಚ್ಚಿ ಮಕ್ಕಳು ರಂಗವೇರುತ್ತಾರೆ. ಬಹುಕಾಲ ಗಂಡಸರದೇ ಆಗಿದ್ದ ಆ ರಂಗದಲ್ಲಿ ಈಗ ಹೆಣ್ಣುಮಕ್ಕಳು ಕಿರೀಟ ತೊಟ್ಟು ಅಬ್ಬರಿಸುವುದನ್ನು ನೋಡಬೇಕು! ಭಾಗವತರು ಪದ ಹಾಡಿ ಮುಗಿಸಿದಮೇಲೆ ಅರ್ಥ ಹೇಳುವ ಹೊಣೆ ಪಾತ್ರಧಾರಿಯದು. ಅಲ್ಲಿ ಕನ್ನಡ ನಾಲಗೆಯ ಮೇಲೆ ಹೊರಳಲೇಬೇಕು. ರಂಗಶಿಕ್ಷಣ ಪಡೆದವರನ್ನು ಸರಕಾರವು ಕೆಲವು ಪ್ರೌಢಶಾಲೆಗಳಿಗೆ ನಾಟಕದ ಶಿಕ್ಷಕರನ್ನಾಗಿ ನೇಮಿಸಿದ್ದೂ ಉಂಟು. ಅಂಥವರಿರುವ ಶಾಲೆಗಳು ಕೆಲವೇ ಎಂಬುದೊಂದೇ ಕೊರತೆ. ‘ಪ್ರತಿಭಾ ಕಾರಂಜಿ’ಯ ಸ್ಪರ್ಧೆಗಳು ತಾಲ್ಲೂಕು, ಜಿಲ್ಲೆಗಳನ್ನು ದಾಟಿ ರಾಜ್ಯದ ಮಟ್ಟದವರೆಗೆ ನಡೆಯುತ್ತವೆ. ಅದು ಒಳ್ಳೆಯದೇ, ಆದರೆ ಸ್ಪರ್ಧೆ ಗೆಲ್ಲುವವನನ್ನು ಆರಿಸುತ್ತದೆ, ಸಂಘ ಎಲ್ಲರನ್ನೂ ಸೇರಿಸುತ್ತದೆ. ಶಾಲೆಗೆ ಎರಡೂ ಬೇಕು.

ಆದುದರಿಂದ ಉಪಾಧ್ಯಾಯ ಮಿತ್ರರಲ್ಲಿ ನನ್ನದೊಂದು ಬಿನ್ನಹ. ಈ ವರ್ಷದ ಉತ್ಸವಕ್ಕೆ ಅರ್ಧ ಗಂಟೆಯ ನಾಟಕವೊಂದಿರಲಿ. ಹಿಂದಿನ ಬೆಂಚಿನವನಿಗೊಂದು ಪಾತ್ರವಿರಲಿ. ನಾಚುವವನ ಕೈಗೆ ಪುಸ್ತಕ ಕೊಟ್ಟು ಪರದೆಯ ಪಕ್ಕದಲ್ಲಿ ನಿಲ್ಲಿಸಿ.

ನಮ್ಮ ಆ ಹುಡುಗ ಎಸ್.ಎಸ್.ಎಲ್.ಸಿ. ದಾಟಲಿಲ್ಲ. ಊರಿನಲ್ಲಿ ಕಿರಾಣಿ ಅಂಗಡಿಯಿಟ್ಟು ನೆಮ್ಮದಿಯಾಗಿದ್ದಾನೆ; ಊರಿನ ಸಭೆ ಸಮಾರಂಭಗಳಿಗೆ ಸ್ವಾಗತ ಭಾಷಣ ಅವನದೇ. ನಾನು ಹೋದಾಗಲೆಲ್ಲ ಮುಂದಿನ ಸಾಲಿನಲ್ಲಿ ಕೂರಿಸಿ, “ಮರೆತರೆ ಹೇಳಿಕೊಡೋ, ಆದರೆ ಸ್ವಲ್ಪ ಮೆಲ್ಲಗೆ” ಎನ್ನುತ್ತಾನೆ. ಇದುವರೆಗೆ ಅವನು ಮರೆತದ್ದಿಲ್ಲ.