ಹಾಜರಿ ಬಿದ್ದಿದ್ದು ಸಿಗ್ನಲ್‌ಗೆ: ಅರೇಹಳ್ಳಿಯ ಆನ್‌ಲೈನ್ ಕ್ಲಾಸ್ ಲೆಕ್ಕ

ಈ ಸಂಚಿಕೆಯನ್ನ ಬೇಲೂರು ತಾಲ್ಲೂಕಿನ ಅರೇಹಳ್ಳಿಯ ನಮ್ಮ ಮನೆಯಿಂದ ರೆಕಾರ್ಡ್ ಮಾಡ್ತಾ ಇದ್ದೀನಿ. ಹಿಂದೆ ಮಳೆ ಸದ್ದು ಕೇಳಿಸಿದ್ರೆ ಸ್ವಲ್ಪ ಸಹಿಸ್ಕೊಳ್ಳಿ. ಕೊರೊನಾ ಕಾಲದ ಆನ್‌ಲೈನ್ ಕ್ಲಾಸ್ ನಮ್ಮಂಥ ಊರಿನ ಡಿಗ್ರಿ ವಿದ್ಯಾರ್ಥಿಗಳಿಗೆ ಯಾಕೆ ಕೈಕೊಡ್ತು? "ನೆಟ್‌ವರ್ಕ್ ಇರಲಿಲ್ಲ" ಅನ್ನೋದು ಅರ್ಧ ಉತ್ತರ. ಇವತ್ತು ಉಳಿದರ್ಧದ ಬಗ್ಗೆ ಮಾತಾಡೋಣ.

2020ರ ಮಾರ್ಚ್‌ನಲ್ಲಿ ಕಾಲೇಜು ಮುಚ್ಚಿದಾಗ ನಾನು ಬಿ.ಕಾಂ. ಆರನೇ ಸೆಮಿಸ್ಟರ್, ತಂಗಿ ಬಿ.ಎ. ನಾಲ್ಕನೇ ಸೆಮಿಸ್ಟರ್. ಕಾಲೇಜು ಬೇರೆ ಬೇರೆ, ಮನೇಲಿ ಸ್ಮಾರ್ಟ್‌ಫೋನ್ ಮಾತ್ರ ಒಂದೇ. ಮನೆಯೊಳಗೆ ಸಿಗ್ನಲ್ ಸಿಗ್ತಿರಲಿಲ್ಲ, ಕಾಫಿ ಕಣದ ಮೂಲೆಗೆ ಹೋದ್ರೆ ಎರಡು ಕಡ್ಡಿ ಬರ್ತಿತ್ತು. ಹನ್ನೊಂದು ಗಂಟೆಗೆ ಇಬ್ಬರಿಗೂ ಕ್ಲಾಸ್. "ಅಣ್ಣ, ನಿಂದು ಫೈನಲ್ ಇಯರ್ರು, ನೀನೇ ಕೂತ್ಕೊ" ಅಂದಳು. ನಾನು ಕೂತೆ. ಒಂದು ದಿನ ಅಲ್ಲ, ಹೆಚ್ಚುಕಡಿಮೆ ಪ್ರತಿದಿನ.

ಈಗ ಲೆಕ್ಕಕ್ಕೆ ಬರೋಣ. ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ ವಿಡಿಯೊ ಬಂದ್ರೆ ಗಂಟೆಗೆ 450 ಎಂಬಿ ಖರ್ಚು. ದಿನಕ್ಕೆ ಮೂರು ಕ್ಲಾಸ್ ಅಂದ್ರೆ 1,350 ಎಂಬಿ. ದಿನಕ್ಕೆ 1.5 ಜಿಬಿಯ ರೀಚಾರ್ಜ್ ಒಬ್ಬರಿಗೇ ಮುಗೀತು. ಅದೇ ಪಾಠವನ್ನ ಹತ್ತು ನಿಮಿಷದ ಆಡಿಯೊ ಮಾಡಿ ಕಳಿಸಿದ್ರೆ ಎರಡು-ಮೂರು ಎಂಬಿ ಸಾಕು.

ಡೇಟಾಗಿಂತ ದೊಡ್ಡ ವ್ಯತ್ಯಾಸ ಸಮಯದ್ದು. ಲೈವ್ ವಿಡಿಯೊ ಕಾಯಲ್ಲ. ಹತ್ತು ಸೆಕೆಂಡ್ ಸಿಗ್ನಲ್ ಹೋದ್ರೆ ಆ ಹತ್ತು ಸೆಕೆಂಡಿನ ಪಾಠ ಹೋಯ್ತು. ಕಳಿಸಿಟ್ಟ ಆಡಿಯೊ ಹಾಗಲ್ಲ, ಸಿಗ್ನಲ್ ಬಂದಾಗ ಇಳಿಯುತ್ತೆ, ರಾತ್ರಿ ಆದರೂ ಸರಿ. ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಸಿಲ್ವರ್ ಮರದ ಕೊಂಬೆ ಲೈನ್ ಮೇಲೆ ಬಿದ್ರೆ ಕರೆಂಟ್ ಹೋಗುತ್ತೆ. ಟವರ್ ಬ್ಯಾಟರಿ ಕೆಲವು ಗಂಟೆ ತಡೆಯುತ್ತೆ, ಆಮೇಲೆ ಅದೂ ಮಲಗುತ್ತೆ. ಮಲೆನಾಡಿನಲ್ಲಿ ಇದೇನು ಅಪರೂಪ ಅಲ್ಲ.

ಹಾಗಿದ್ದೂ ಹಾಜರಿ ತಗೊಂಡಿದ್ದು ಲೈವ್‌ನಲ್ಲೇ. ತಂಗಿಯ ಕಾಲೇಜಿನಲ್ಲಿ ಆಂತರಿಕ ಅಂಕಕ್ಕೂ ಅದನ್ನೇ ನೋಡಿದರು. ಆಗ ಇನ್ನೊಂದು ಬೆಳವಣಿಗೆ ಆಯ್ತು. ಪರೀಕ್ಷೆ ನಡೆಸೋಕೆ ಆಗದ ಕಡೆ ಮಧ್ಯದ ಸೆಮಿಸ್ಟರ್‌ಗಳಿಗೆ ಆಂತರಿಕ ಮೌಲ್ಯಮಾಪನದಿಂದ ಶೇ 50, ಹಿಂದಿನ ಸೆಮಿಸ್ಟರ್‌ನಿಂದ ಶೇ 50 ಅಂಕ ಕೊಡಬಹುದು ಅಂತ ಯುಜಿಸಿ ಏಪ್ರಿಲ್‌ನಲ್ಲಿ ಹೇಳಿತ್ತು. ಜುಲೈನಲ್ಲಿ ಕರ್ನಾಟಕವೂ ಆ ದಾರಿ ಹಿಡೀತು. ಪರೀಕ್ಷೆ ಇಲ್ಲ ಅಂತ ಎಲ್ಲರೂ ಖುಷಿಪಟ್ಟರು. ಆದ್ರೆ ಕಣದ ಮೂಲೆ ಬಿಟ್ಟುಕೊಟ್ಟವಳಿಗೆ ಆ ಅರ್ಧ ಅಂಕವೇ ಪೆಟ್ಟು ಕೊಡ್ತು. ನನಗೆ ಫೈನಲ್ ಇಯರ್ ಪರೀಕ್ಷೆ ಕಡ್ಡಾಯ ಆಯ್ತು. ಆಗಸ್ಟ್ 28ರಂದು ಸುಪ್ರೀಂ ಕೋರ್ಟ್ ಕೂಡ ಅದನ್ನ ಎತ್ತಿಹಿಡೀತು. ನಾನು ಬರೆದೆ, ಪಾಸಾದೆ. ಅವಳಿಗೆ ಬರೆದು ತೋರಿಸೋ ಅವಕಾಶವೇ ಇರಲಿಲ್ಲ.

ಅವಳ ಒಬ್ಬ ಲೆಕ್ಚರರ್ ಮಾತ್ರ ರಾತ್ರಿ ಹೊತ್ತು ವಾಟ್ಸ್‌ಆ್ಯಪ್‌ನಲ್ಲಿ ಆಡಿಯೊ ಕಳಿಸ್ತಿದ್ದರು. ಬೆಳಿಗ್ಗೆ ಹಾಲಿನ ಡೈರಿಗೆ ಹೋಗ್ತಾ ಕೇಳಿಸ್ಕೊಳ್ತಿದ್ದಳು. ಆ ಒಂದು ವಿಷಯ ಅವಳಿಗೆ ಇವತ್ತಿಗೂ ಬಾಯಿಪಾಠ. ನಾನು ಪಾಡ್‌ಕಾಸ್ಟ್ ಶುರು ಮಾಡೋಕೆ ಅದೂ ಒಂದು ಕಾರಣ.

ಸರ್ಕಾರ ಏನೂ ಮಾಡಲಿಲ್ಲ ಅಂತಲ್ಲ. 2020ರ ನವೆಂಬರ್ 17ರಿಂದ ಪದವಿ ಕಾಲೇಜು ತೆರೆದವು. 2021ರ ಜೂನ್‌ನಲ್ಲಿ, ಎರಡನೇ ಅಲೆ ನಡುವೆ, ಸರ್ಕಾರಿ ಪದವಿ, ಎಂಜಿನಿಯರಿಂಗ್, ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ ಸುಮಾರು 1.55 ಲಕ್ಷ ಟ್ಯಾಬ್ ಕೊಡುವ ಕಾರ್ಯಕ್ರಮ ಶುರುವಾಯ್ತು. ಒಂದೇ ಫೋನಿನ ಮನೆಗೆ ಅದು ನಿಜವಾದ ಸಹಾಯ. ಆದ್ರೆ ಟ್ಯಾಬ್ ಸಿಗ್ನಲ್ ತರಲ್ಲ.

ಇದು ಹಳೇ ಕಥೆ ಅಂದ್ಕೋಬೇಡಿ. 2021ರ ಯುಜಿಸಿ ನಿಯಮದ ಪ್ರಕಾರ ಒಂದು ಸೆಮಿಸ್ಟರ್‌ನ ಶೇ 40ರವರೆಗಿನ ಕೋರ್ಸ್‌ಗಳನ್ನ 'ಸ್ವಯಂ' ಪೋರ್ಟಲ್‌ನಲ್ಲಿ ಓದಬಹುದು. ಆನ್‌ಲೈನ್ ಓದು ಇನ್ನು ಹೋಗಲ್ಲ. ಹಾಗಾಗಿ ಕಾಲೇಜುಗಳಲ್ಲಿ ನನ್ನ ಮನವಿ ಇಷ್ಟೇ: ಪಾಠ ರೆಕಾರ್ಡ್ ಮಾಡಿ, ಚಿಕ್ಕದಾಗಿ ಕಳಿಸಿ. ಹಾಜರಿಯನ್ನ ಲಾಗಿನ್ ನೋಡಿ ಹಾಕಬೇಡಿ, ಬರೆದುಕೊಟ್ಟ ಉತ್ತರ ನೋಡಿ ಹಾಕಿ. ಅದನ್ನ ತಲುಪಿಸೋಕೆ ಎರಡು ದಿನ ಟೈಮ್ ಕೊಡಿ.

ಈ ಸಂಚಿಕೆ ಬಗ್ಗೆ ಹೇಳಿದಾಗ ತಂಗಿ ನಕ್ಕಳು. "ಅವತ್ತು ನೀನೂ ಒಂದಿನ ಬಿಡಬಹುದಿತ್ತು ಅಣ್ಣ" ಅಂದಳು. ಹೌದು, ಬಿಡಬಹುದಿತ್ತು.

ನಿಮ್ಮ ಮನೇಲಿ ಆಗ ಫೋನ್ ಯಾರ ಕೈಲಿತ್ತು? ವಾಯ್ಸ್ ಮೆಸೇಜ್ ಕಳಿಸಿ. ತಡವಾಗಿ ಬಂದರೂ ಪರವಾಗಿಲ್ಲ, ಹಾಜರಿ ಹಾಕ್ತೀನಿ. ಮುಂದಿನ ವಾರ ಸಿಗೋಣ, ನಮಸ್ಕಾರ.