ಸ್ಮಾರ್ಟ್ ಕ್ಲಾಸು, ಮೊಬೈಲ್ ಆ್ಯಪು: ರೊಕ್ಕ ಕೊಡೋ ಮುಂಚೆ ‘ಶಿಕ್ಷಣ ತಂತ್ರಜ್ಞಾನ’ ಅಂದ್ರೆ ಏನಂತ ತಿಳ್ಕೊಳ್ಳಿ

ರಾಯಚೂರು: ಗುಂಜಹಳ್ಳಿ ಇರಲಿ, ದೇವದುರ್ಗ ಇರಲಿ, ಮಾನ್ವಿ ಇರಲಿ, ಶಾಲೆ ಶುರುವಾಗೋ ಹೊತ್ತಿಗೆ ಪಾಲಕರ ಮುಂದೆ ಬರೋ ಪ್ರಶ್ನೆ ಒಂದೇ. ಸ್ಮಾರ್ಟ್ ಕ್ಲಾಸ್ ಇರೋ ಶಾಲೆಗೆ ಜಾಸ್ತಿ ಫೀ ಕಟ್ಟಬೇಕಾ? ಮೊಬೈಲ್‌ನಾಗ ಕಲಿಸೋ ಆ್ಯಪ್‌ಗೆ ವರ್ಷದ ಚಂದಾ ತುಂಬಬೇಕಾ? ಇನ್ನೊಂದು ಕಡೆ ಬಿ.ಇಡಿ. ಮುಗಿಸಿದ ಹುಡುಗ-ಹುಡುಗಿಯರ ಪ್ರಶ್ನೆ: ಈ ಕ್ಷೇತ್ರದಾಗ ಕೆಲಸ ಸಿಗುತ್ತಾ? ಎರಡಕ್ಕೂ ಉತ್ತರ ಸಿಗಬೇಕಾದ್ರೆ ‘ಶಿಕ್ಷಣ ತಂತ್ರಜ್ಞಾನ’ ಅಂದ್ರೇನು ಅಂತ ಮೊದಲು ತಿಳೀಬೇಕು.

ಯಂತ್ರ ಅಲ್ಲ, ಕಲಿಸುವ ಯೋಜನೆ

ಗೋಡೆಗೆ ಹಾಕಿದ ದೊಡ್ಡ ಪರದೆ, ಟ್ಯಾಬ್, ಪ್ರೊಜೆಕ್ಟರ್ ಇವೆಲ್ಲ ಬರೀ ಸಾಮಾನು. ಯಾವ ಪಾಠಕ್ಕೆ ಯಾವ ಸಾಧನ ಬೇಕು, ಮಗು ಎಲ್ಲಿ ಎಡವುತ್ತೆ, ಕಲಿತದ್ದು ನಿಂತಿದೆಯೋ ಇಲ್ಲವೋ ಎಂದು ಯೋಜನೆ ಮಾಡಿ, ಬಳಸಿ, ಪರೀಕ್ಷಿಸಿ, ತಿದ್ದುವ ವಿದ್ಯೆಗೆ ಶಿಕ್ಷಣ ತಂತ್ರಜ್ಞಾನ ಅಂತಾರೆ. ಈ ಲೆಕ್ಕದಾಗ ಕಪ್ಪು ಹಲಗೆ, ರೇಡಿಯೊ ಪಾಠ, ಲೆಕ್ಕ ಕಲಿಸೋ ಮಣಿಗಳ ಚೌಕಟ್ಟು ಕೂಡ ತಂತ್ರಜ್ಞಾನವೇ.

ರಾಯಚೂರಿಗೆ ಇದು ಹೊಸದಲ್ಲ

ಭಾರತದಲ್ಲಿ ಈ ವಿದ್ಯೆಯ ಅತಿ ದೊಡ್ಡ ಪ್ರಯೋಗಗಳಲ್ಲಿ ಒಂದು ನಡೆದದ್ದು ನಮ್ಮ ಭಾಗದಲ್ಲೇ. ವಿಜ್ಞಾನಿ ವಿಕ್ರಂ ಸಾರಾಭಾಯಿ ಕನಸು ಕಂಡಿದ್ದ ‘ಸೈಟ್’ ಯೋಜನೆ 1975ರ ಆಗಸ್ಟ್ 1ರಂದು ಶುರುವಾಗಿ 1976ರ ಜುಲೈ 31ಕ್ಕೆ ಮುಗಿಯಿತು. ಅಮೆರಿಕದ ನಾಸಾದಿಂದ ಒಂದು ವರ್ಷದ ಮಟ್ಟಿಗೆ ಎರವಲು ಪಡೆದ ಎಟಿಎಸ್-6 ಉಪಗ್ರಹದಿಂದ 6 ರಾಜ್ಯಗಳ 2,400 ಹಳ್ಳಿಗಳಿಗೆ ನೇರವಾಗಿ ಟಿ.ವಿ. ಕಾರ್ಯಕ್ರಮ ಬಂತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಮೂರೇ ಜಿಲ್ಲೆ: ರಾಯಚೂರು, ಗುಲ್ಬರ್ಗ, ಬಿಜಾಪುರ. ಆಗ ಕೊಪ್ಪಳವೂ ರಾಯಚೂರು ಜಿಲ್ಲೆಯೊಳಗೇ ಇತ್ತು.

ಸುಮಾರು 10 ಅಡಿ ಅಗಲದ ಜಾಲರಿ ಆಂಟೆನಾ, ಊರಿಗೊಂದು ಟಿ.ವಿ. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಒಕ್ಕಲುತನ, ಆರೋಗ್ಯದ ಕಾರ್ಯಕ್ರಮ. ಬರೀ ಟಿ.ವಿ. ಕೊಟ್ಟು ಸುಮ್ಮನಾಗಲಿಲ್ಲ. ಕೆಟ್ಟ ಸೆಟ್ ರಿಪೇರಿಗೆ ಮಂದಿ ಇದ್ದರು. ಆರೂ ರಾಜ್ಯ ಸೇರಿ ಸುಮಾರು 50 ಸಾವಿರ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ, ಗಣಿತ ಕಲಿಸುವ ತರಬೇತಿಯೂ ಆಯಿತು.

ಫಲ ಏನು? ಟಿ.ವಿ. ನೋಡಿದ ಮಕ್ಕಳ ಭಾಷೆ ಸುಧಾರಿಸಿತು, ತಿಳ್ಕೊಳ್ಳೋ ಆಸೆ ಹೆಚ್ಚಿತು ಎಂದು ಅಧ್ಯಯನಗಳು ಹೇಳಿದವು. ಆದ್ರೆ ಶಾಲೆಯ ಪಾಠದ ಅಂಕದಲ್ಲಿ ಅಂಥ ಏರಿಕೆ ಕಾಣಲಿಲ್ಲ. ವರ್ಷ ಮುಗಿದ ಮೇಲೆ ಉಪಗ್ರಹ ಹೊರಟುಹೋಯಿತು. ಅದೇ ಯೋಜನೆಯ ಮುಂದುವರಿಕೆಯಾಗಿ 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನ ಕೇಂದ್ರ ಬಂತು.

ಸಾಮಾನು ಕೊಟ್ರೆ ಸಾಲದು

ದಕ್ಷಿಣ ಅಮೆರಿಕದ ಪೆರು ದೇಶ ಹಳ್ಳಿ ಶಾಲೆಗಳಿಗೆ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಹಂಚಿತು. 2012ರಲ್ಲಿ ಬಂದ ಅಧ್ಯಯನದ ಪ್ರಕಾರ ಮಕ್ಕಳ ಗಣಿತ, ಭಾಷೆಯ ಕಲಿಕೆ ಅದರಿಂದ ಹೆಚ್ಚಲಿಲ್ಲ. ಯಂತ್ರ ಸಿಕ್ಕಿತು, ಪಾಠ ಹೇಳೋ ರೀತಿ ಬದಲಾಗಲಿಲ್ಲ. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ನಮ್ಮ ಸರ್ಕಾರ ‘ವಿದ್ಯಾಗಮ’ ತಂದದ್ದೂ ಇದೇ ಕಾರಣಕ್ಕೆ. ಎಲ್ಲರ ಮನೆಯಲ್ಲೂ ಸ್ಮಾರ್ಟ್‌ಫೋನ್ ಇರಲಿಲ್ಲ, ಹಾಗಾಗಿ ಮೇಷ್ಟ್ರೇ ಓಣಿಗೆ ಬಂದು ಮರದ ನೆರಳಲ್ಲಿ, ಗುಡಿ ಕಟ್ಟೆ ಮೇಲೆ ಪಾಠ ಹೇಳಿದರು.

ಚಂದಾ ಕಟ್ಟೋ ಮುಂಚೆ

ಬೆಂಗಳೂರಿನ ಬೈಜೂಸ್ ಒಂದು ಕಾಲಕ್ಕೆ ಈ ವ್ಯಾಪಾರದಲ್ಲಿ ದೇಶದ ಅತಿ ದೊಡ್ಡ ಹೆಸರು. 2024ರ ಜುಲೈನಲ್ಲಿ ಅದರ ಮಾತೃ ಕಂಪನಿ ಮೇಲೆ ದಿವಾಳಿ ಪ್ರಕ್ರಿಯೆ ಶುರುವಾಯಿತು. ಹೆಸರು ದೊಡ್ಡದಿದ್ದ ಮಾತ್ರಕ್ಕೆ ಮೂರು ವರ್ಷದ ದುಡ್ಡು ಒಮ್ಮೆಲೇ ಕೊಡಬಾರದು ಅನ್ನೋದಕ್ಕೆ ಇದೇ ಸಾಕ್ಷಿ. ಇಂಥ ಕಂಪನಿಗಳ ಬಗ್ಗೆ ಎಚ್ಚರ ಇರಲಿ ಎಂದು ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರ್‌ನಲ್ಲೇ ಪಾಲಕರಿಗೆ ಸಲಹೆ ಕೊಟ್ಟಿತ್ತು. ಗಮನಿಸಬೇಕಾದದ್ದು ಇಷ್ಟು:

- ‘ಫ್ರೀ’ ಅಂದದ್ದು ಎಷ್ಟು ದಿನ ಫ್ರೀ? ಆಮೇಲೆ ಖಾತೆಯಿಂದ ತಾನಾಗೇ ದುಡ್ಡು ಕಡಿತ ಆಗುತ್ತಾ?
- ‘ಕಂತು’ ಅಂದ್ರೆ ನಿಮ್ಮ ಹೆಸರಲ್ಲಿ ಸಾಲ ಮಾಡಿಸ್ತಿದ್ದಾರಾ? ಸಹಿ, ಓಟಿಪಿ ಕೊಡೋ ಮುಂಚೆ ಕೇಳಿ.
- ಬೇಡ ಅಂದ್ರೆ ರೊಕ್ಕ ವಾಪಸ್ ಬರುತ್ತಾ? ಬಾಯಿಮಾತು ಬೇಡ, ಬರಹದಲ್ಲಿ ತಗೊಳ್ಳಿ.
- ಮಗು ಓದೋ ಪಠ್ಯವೇ, ಓದೋ ಮಾಧ್ಯಮದಲ್ಲೇ ಇದೆಯಾ?

ಶಾಲೆಗೆ ಹೋದ್ರೆ ಒಂದೇ ಪ್ರಶ್ನೆ ಸಾಕು: ಈ ಪರದೆ ವಾರಕ್ಕೆ ಎಷ್ಟು ಪಿರಿಯಡ್ ಬಳಸ್ತೀರಿ, ಯಾವ ಪಾಠಕ್ಕೆ? ಉತ್ತರ ತಡವರಿಸಿದ್ರೆ ಅದು ಗೋಡೆಯ ಅಲಂಕಾರ ಅಷ್ಟೇ.

ಇನ್ನು ಪುಕ್ಕಟೆಯಾಗಿ ಸಿಗೋದೂ ಐತಿ. ಕೇಂದ್ರ ಸರ್ಕಾರದ ‘ದೀಕ್ಷಾ’ 2017ರಿಂದ ನಡೀತಿದೆ. ಪಠ್ಯಪುಸ್ತಕದಲ್ಲಿರೋ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ಆ ಪಾಠಕ್ಕೆ ಸಂಬಂಧಿಸಿದ ಸಾಮಗ್ರಿ ತೆರೆಯುತ್ತೆ. ಅಂಗಡಿಯಲ್ಲಿ ಫೋನ್‌ಪೇ ಕೋಡ್ ಸ್ಕ್ಯಾನ್ ಮಾಡಿದಷ್ಟೇ ಸುಲಭ.

ಕೆಲಸ, ಓದು

ಈ ಕ್ಷೇತ್ರದಲ್ಲಿ ಕೋಡಿಂಗ್ ಬಲ್ಲವರಿಗೆ ಮಾತ್ರ ಕೆಲಸ ಅನ್ನೋದು ತಪ್ಪು. ಪಾಠದ ವಿನ್ಯಾಸ ಮಾಡೋರು, ಕನ್ನಡದಲ್ಲಿ ಬರೆಯೋರು, ವಿಡಿಯೊ ತಯಾರಿಸೋರು, ಪ್ರಶ್ನೆ ರೂಪಿಸೋರು, ಶಿಕ್ಷಕರಿಗೆ ತರಬೇತಿ ಕೊಡೋರು, ಕಲಿಕೆ ಅಳೆಯೋರು ಎಲ್ಲರೂ ಬೇಕು. ಪಾಠ ಹೇಳಿದ ಅನುಭವ, ಗಡಿನಾಡಿನ ಕನ್ನಡ, ತೆಲುಗು, ಉರ್ದು ಬಲ್ಲ ನಾಲಿಗೆ ಇವು ನಮ್ಮ ಹುಡುಗ್ರ ಬಂಡವಾಳ.

ಓದಬೇಕಂದ್ರೆ ಬಿ.ಇಡಿ., ಎಂ.ಇಡಿ.ಯಲ್ಲಿ ಇದರ ಪಾಠ ಇದ್ದೇ ಇರುತ್ತೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇಡೀ ದಕ್ಷಿಣ ಭಾರತಕ್ಕೆ ಶಿಕ್ಷಕರನ್ನು ತಯಾರು ಮಾಡುತ್ತೆ. ಸಂಶೋಧನೆಗೆ ಹೋಗೋರಿಗೆ ಐಐಟಿ ಬಾಂಬೆಯಲ್ಲಿ ಇದೇ ವಿಷಯದ ಪಿಎಚ್‌.ಡಿ. ಇದೆ. ಮನೇಲೇ ಕೂತು ರುಚಿ ನೋಡೋರಿಗೆ ‘ಸ್ವಯಂ’ ತಾಣದಲ್ಲಿ ಉಚಿತ ಕೋರ್ಸ್‌ಗಳಿವೆ. ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ.

ಸರ್ಟಿಫಿಕೇಟ್‌ಗಿಂತ ಮುಂಚೆ ಕೈಯಲ್ಲಿ ಒಂದು ಕೆಲಸ ಇರಲಿ. ಐದನೇ ಕ್ಲಾಸಿನ ಭಿನ್ನರಾಶಿಯನ್ನ ಜೋಳದ ರೊಟ್ಟಿ ಮುರಿದು ತೋರಿಸೋ ಐದು ನಿಮಿಷದ ವಿಡಿಯೊ ಮಾಡಿ, ಹತ್ತು ಮಕ್ಕಳಿಗೆ ತೋರಿಸಿ, ಯಾರಿಗೆ ಎಲ್ಲಿ ತಿಳೀಲಿಲ್ಲ ಅಂತ ಬರೆದಿಟ್ಟು, ಮತ್ತೆ ತಿದ್ದಿ. ಕೆಲಸ ಕೇಳೋಕೆ ಹೋದಾಗ ತೋರಿಸಬೇಕಾದದ್ದು ಆ ವಿಡಿಯೊ, ಆ ಹತ್ತು ಮಕ್ಕಳ ಲೆಕ್ಕ.