ನಿದಾನ ಮತ್ತು ನಿಧಾನ

ಬೇಸಗೆಯ ಮಧ್ಯಾಹ್ನ ತುಮಕೂರಿನಿಂದ ದೇವರಾಯನದುರ್ಗಕ್ಕೆ ಕಾರಿನಲ್ಲಿ ಹೊರಟವರು ಊರು ದಾಟುವವರೆಗೆ ಗಾಜು ಏರಿಸಿಕೊಂಡೇ ಇರುತ್ತಾರೆ. ಕಾಡಿನ ನೆರಳು ಬಂದು ರಸ್ತೆ ಬೆಟ್ಟವನ್ನು ಸುತ್ತತೊಡಗಿತೆಂದರೆ ಗಾಜು ಇಳಿಯುತ್ತದೆ, ಏಸಿ ನಿಲ್ಲುತ್ತದೆ. ಭೋಗನರಸಿಂಹನ ಗುಡಿಯಿಂದ ಯೋಗನರಸಿಂಹನ ಗುಡಿಯವರೆಗೆ ಬೀಸುವ ಗಾಳಿಗೆ ಯಂತ್ರದ ನೆರವೇಕೆ? ಆದ್ದರಿಂದಲೇ ಕಾರಿನ ತಂಪು ಸೋರಿಹೋದ ಸಂಗತಿ ಬೆಟ್ಟದ ಮೇಲೆ ಯಾರಿಗೂ ತಿಳಿಯುವುದಿಲ್ಲ. ಇಳಿದು ಬಯಲಿಗೆ ಬಂದು ಗುಂಡಿಯೊತ್ತಿದಾಗ ಬಿಸಿಗಾಳಿ ಮುಖಕ್ಕೆ ರಾಚುತ್ತದೆ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಗ್ಯಾಸ್ ಮುಗಿದಿದೆ, ತುಂಬಿಸಬೇಕು."

ದೋಷವಿರುವುದು ಈ ಮಾತಿನಲ್ಲಿಯೇ. ಈ ಅನಿಲ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಕಂಪ್ರೆಸರ್ ಅದನ್ನು ಅದುಮುತ್ತದೆ. ಕಾರಿನ ಮುಂಬದಿಯ ಕಂಡೆನ್ಸರಿನಲ್ಲಿ ಅದು ತನ್ನ ಶಾಖವನ್ನು ಹೊರಗಾಳಿಗೆ ಒಪ್ಪಿಸಿ ದ್ರವವಾಗುತ್ತದೆ. ಕಿರಿದಾದ ಕವಾಟದಲ್ಲಿ ನುಸುಳಿ, ಡ್ಯಾಷ್‌ಬೋರ್ಡಿನೊಳಗಿನ ಕೂಲಿಂಗ್ ಕಾಯಿಲಿನಲ್ಲಿ ಆವಿಯಾಗುತ್ತ ನಮ್ಮ ಬೇಗೆಯನ್ನು ಹೀರಿಕೊಂಡು ಮತ್ತೆ ಕಂಪ್ರೆಸರಿಗೆ ಮರಳುತ್ತದೆ. ಸಣ್ಣ ಕಾರೊಂದರಲ್ಲಿ ಇದರ ತೂಕ ಅರ್ಧ ಕಿಲೋ ಆಸುಪಾಸು. ರಬ್ಬರು ಕೊಳವೆಗಳ ಮೂಲಕ ವರ್ಷಗಳಲ್ಲಿ ಕೊಂಚ ಜಿನುಗುವುದುಂಟು; ಆದರೆ ಒಂದೇ ಬೇಸಗೆಯಲ್ಲಿ ಎರಡು ಸಲ ಬರಿದಾದರೆ ಎಲ್ಲಿಯೋ ಬಿರುಕಿದೆ ಎಂದೇ ಅರ್ಥ.

ಆಯುರ್ವೇದದಲ್ಲಿ 'ನಿದಾನ'ವೆಂದರೆ ರೋಗದ ಮೂಲವನ್ನರಿಯುವುದು. ಮಾಧವಕರನ ಗ್ರಂಥಕ್ಕೆ ಆ ಹೆಸರೇ ನಿಂತಿದೆ. ಒಂದು ಮಹಾಪ್ರಾಣ ಸೇರಿದರೆ 'ನಿಧಾನ', ಕನ್ನಡಿಗನ ಬಾಯಲ್ಲಿ ಆತುರವಿಲ್ಲದ ನಡೆ. ಉತ್ತರಪತ್ರಿಕೆಗಳಲ್ಲಿ ಇವೆರಡೂ ಅದಲುಬದಲಾದಾಗ ಕೆಂಪು ಗೆರೆಯೆಳೆಯುವುದು ನಮ್ಮ ಕಸುಬು. ಗ್ಯಾರೇಜಿನಲ್ಲಿ ನಿಂತು ನೋಡಿದಾಗ ಮಾತ್ರ ಆ ಎರಡು ಪದಗಳು ಅಷ್ಟೇನೂ ದೂರದವಲ್ಲವೆನ್ನಿಸಿತು.

ಮಿತ್ರರೊಬ್ಬರ ಕಾರಿಗೆ ಎರಡು ಕಡೆ ಗ್ಯಾಸು ತುಂಬಿಸಿಯಾಗಿತ್ತು. ಮೂರನೆಯ ಕಡೆಯ ಮೆಕ್ಯಾನಿಕ್, ನಡುವಯಸ್ಸಿನವರು, ಸಿಲಿಂಡರನ್ನು ಮುಟ್ಟಲೇ ಇಲ್ಲ. ಕಂಡೆನ್ಸರಿನ ಫ್ಯಾನು ತಿರುಗುತ್ತಿದೆಯೆ, ಕಂಪ್ರೆಸರಿನ ಕ್ಲಚ್ಚು ಹಿಡಿಯುತ್ತಿದೆಯೆ, ಗಾಳಿಯ ಫಿಲ್ಟರು ಕಟ್ಟಿಕೊಂಡಿದೆಯೆ ಎಂದು ಮೊದಲು ನೋಡಿದರು. ತಂಪು ತಪ್ಪಲು ಸೋರಿಕೆಯೊಂದೇ ಕಾರಣವಲ್ಲವಷ್ಟೆ! ಬಳಿಕ ಟಾರ್ಚು ಹಿಡಿದು ಕೊಳವೆಗಳ ಕೂಡುಗಳನ್ನು ಸವರತೊಡಗಿದರು. "ಗ್ಯಾಸು ಕಣ್ಣಿಗೆ ಕಾಣಲ್ಲ ಸಾರ್, ಅದರ ಜೊತೆ ಎಣ್ಣೆ ಬರ್ತದೆ. ಎಣ್ಣೆ ಇರೋ ಕಡೆ ಧೂಳು ಕೂತಿರ್ತದೆ" ಎಂದರು. ದುರ್ಗದ ನಾಮದ ಚಿಲುಮೆಯಲ್ಲಿ ನೀರು ಬಂಡೆಯಿಂದ ಒಸರಿ ತಾನೇ ತನ್ನನ್ನು ತೋರಿಸಿಕೊಳ್ಳುತ್ತದೆ. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಒಸರನ್ನು ಧೂಳಿನ ಕಲೆಯಿಂದ ಊಹಿಸಬೇಕು. ಕಂಡೆನ್ಸರಿನ ಕೂಡೊಂದರಲ್ಲಿ ಅಂಥ ಕಲೆಯಿತ್ತು. ಸೋಪಿನ ನೊರೆ ಹಚ್ಚಿದರೆ ಗುಳ್ಳೆಯೇಳಲಿಲ್ಲ. ಉಳಿದ ಅನಿಲವನ್ನು ಯಂತ್ರದಿಂದ ಸಿಲಿಂಡರಿಗೆ ಎಳೆದುಕೊಂಡು, ನೈಟ್ರೋಜನ್ ತುಂಬಿ ಒತ್ತಡವೇರಿಸಿದ ಮೇಲೆ ಸಾಸಿವೆಗಾತ್ರದ ಗುಳ್ಳೆಗಳು ಒಂದೊಂದಾಗಿ ಎದ್ದವು. ಒಳಗಿದ್ದ ರಬ್ಬರಿನ ಉಂಗುರ ಬಿಸಿಲಿಗೆ ಒಣಗಿದ ಬೇಳೆಯಂತೆ ಗಟ್ಟಿಯಾಗಿತ್ತು.

ಉಂಗುರದ ಬೆಲೆ ಅತ್ಯಲ್ಪ. ಕೂಲಿಂಗ್ ಕಾಯಿಲೇ ತೂತಾಗಿದ್ದರೆ ಡ್ಯಾಷ್‌ಬೋರ್ಡನ್ನು ಕಳಚಬೇಕಾಗುತ್ತಿತ್ತು. ಹೊಸ ಉಂಗುರಕ್ಕೆ ಎಣ್ಣೆ ಸವರಿ ಕೂಡಿಸಿ, ತೇವವೆಲ್ಲ ಆವಿಯಾಗಿ ಹೋಗುವಂತೆ ಮುಕ್ಕಾಲು ಗಂಟೆ ನಿರ್ವಾತ ಪಂಪು ಓಡಿಸಿದರು. ಮುಳ್ಳು ಮೇಲೇರದಿದ್ದುದನ್ನು ಖಚಿತಪಡಿಸಿಕೊಂಡು, ಕಾರಿನ ಚೀಟಿಯಲ್ಲಿ ನಮೂದಿಸಿದಷ್ಟೇ ಅನಿಲವನ್ನು ತೂಗಿ ತುಂಬಿದರು. ತೂಕವೇ ಏಕೆಂದರೆ, ಒಳಗೆ ಒಂದಿಷ್ಟು ದ್ರವ ಉಳಿದಿರುವವರೆಗೆ, ನಿಂತ ಎಂಜಿನ್ನಿನಲ್ಲಿ ಒತ್ತಡದ ಮುಳ್ಳು ಹವೆಯ ಉಷ್ಣತೆಯನ್ನು ಹೇಳುತ್ತದೆಯೇ ಹೊರತು ಅನಿಲದ ಪ್ರಮಾಣವನ್ನಲ್ಲ.

ಸೋರಿದ್ದು ಮಿತ್ರರ ಹಣವೊಂದೇ ಅಲ್ಲ. ಹಿಂದೆ ಕಾರುಗಳಲ್ಲಿದ್ದ ಆರ್-12 ಓಜೋನ್ ಪದರವನ್ನು ಕೊರೆಯುತ್ತದೆಂದು ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ಎಚ್ಚರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದ ಅದರ ಬಳಕೆಗೆ ಅಂತ್ಯ ಹಾಡಿತು. ಅದರ ಜಾಗಕ್ಕೆ ಬಂದ ಆರ್-134ಎ ಓಜೋನನ್ನು ಮುಟ್ಟದು. ಆದರೆ ನೂರು ವರ್ಷಗಳ ಲೆಕ್ಕದಲ್ಲಿ ಭೂಮಿಯನ್ನು ಕಾಯಿಸುವ ಶಕ್ತಿಯಲ್ಲಿ ಅದು ಇಂಗಾಲದ ಡೈಆಕ್ಸೈಡಿನ ಸಾವಿರದ ಮುನ್ನೂರು ಪಟ್ಟಿಗಿಂತ ಕಡಿಮೆಯಿಲ್ಲ. ಗಾಳಿಯಲ್ಲಿ ಸರಾಸರಿ 14 ವರ್ಷ, ಒಂದು ವನವಾಸದಷ್ಟು ಕಾಲ, ಉಳಿಯುತ್ತದೆ. ಅರ್ಧ ಕಿಲೋ ಹೊರಬಿಟ್ಟರೆ ಆರುನೂರು ಕಿಲೋಗೂ ಮೀರಿದ ಡೈಆಕ್ಸೈಡ್ ಬಿಟ್ಟಂತೆ. ಇಂಥ ಅನಿಲಗಳನ್ನು ಕ್ರಮೇಣ ತಗ್ಗಿಸುವ 2016ರ ಕಿಗಾಲಿ ತಿದ್ದುಪಡಿಗೆ ಭಾರತ 2021ರಲ್ಲಿ ಅಂಗೀಕಾರವಿತ್ತಿತು. ಕೆಲವು ಹೊಸ ಕಾರುಗಳಲ್ಲಿ ಈಗ ಆರ್-1234ವೈಎಫ್ ಎಂಬ ಬೇರೆ ಅನಿಲವಿದೆ. ಅದಕ್ಕೆ ಹೊತ್ತಿಕೊಳ್ಳುವ ಗುಣ ಅಲ್ಪಸ್ವಲ್ಪ ಇರುವುದರಿಂದ ಅದರ ಕವಾಟ, ಉಪಕರಣಗಳೆಲ್ಲ ಬೇರೆ.